ಹಳೇ ಪುಸ್ತಕ, ಹೊಸ ಕಾಗದ

ಅವೆನ್ಯೂ ರಸ್ತೆಯ ಕಡೆ ಭಾನುವಾರ ಬೆಳಿಗ್ಗೆ ಹೋಗುವ ಚಟ ನನಗೆ ಕಾಲೇಜಿನ ದಿನಗಳಿಂದ ಇದೆ. ಅಂಗಡಿಗಳ ಬಾಗಿಲು ಹಾಕಿರುತ್ತವೆ, ಫುಟ್‌ಪಾತಿನ ಮೇಲೆ ಪುಸ್ತಕ ಹರಡಿರುತ್ತಾರೆ. ಇಂಜಿನಿಯರಿಂಗ್ ಗೈಡುಗಳ ರಾಶಿಯ ನಡುವೆ ಎಲ್ಲೋ ಒಂದು ಹಳೇ ಕನ್ನಡ ಪುಸ್ತಕ ತಲೆ ಹಾಕಿರುತ್ತೆ ಅನ್ನೋ ಆಸೆ. ಹತ್ತು ಸಲ ಹೋದರೆ ಒಂಬತ್ತು ಸಲ ಕಾಫಿ ಕುಡಿದು ಬರೋದೇ ಆಗುತ್ತೆ ಅನ್ನಿ.

ಹಾಗೊಂದು ಭಾನುವಾರ ನನ್ನ ಕೈಗೆ ಸಿಕ್ಕಿದ್ದು ಕಿಟ್ಟೆಲ್ ನಿಘಂಟು! ದಪ್ಪ, ಭಾರ, ರಟ್ಟು ಸವೆದಿದೆ. ಶೀರ್ಷಿಕೆ ಪುಟ ತೆಗೆದರೆ ಮಂಗಳೂರು, ಬಾಸೆಲ್ ಮಿಷನ್, 1894. ನನ್ನ ಎದೆ ಬಡಿತ ಪಕ್ಕದವರಿಗೆ ಕೇಳಿಸಿರಬೇಕು. ಇಂಥ ಹೊತ್ತಿನಲ್ಲಿ ಮುಖ ಹೇಗೆ ಇಟ್ಟುಕೊಳ್ಳಬೇಕು ಅನ್ನೋದು ಈ ಬೇಟೆಯ ಮೊದಲ ಪಾಠ. ಏನೂ ಆಗದವನ ಹಾಗೆ ಪಕ್ಕದ ಗೈಡೊಂದನ್ನು ತಿರುವಿ ಹಾಕುತ್ತಾ "ಇದೆಷ್ಟಪ್ಪಾ?" ಅಂದೆ. "ಎಂಟು ಸಾವಿರ ಸಾರ್, ಅಸಲಿ ಹಳೇದು, ನೂರು ವರ್ಷ ಮೇಲಾಗಿದೆ" ಅಂದ. ಅವನಿಗೆ ಗೊತ್ತು! ಚೌಕಾಸಿ ಮಾಡಿ ಆರಕ್ಕೆ ತಂದೆ. ಜೇಬಿಗೆ ಕೈ ಹಾಕಿದ್ದೆ ಕೂಡ.

ಪಕ್ಕದಲ್ಲಿ ಕೂತು ಪುಸ್ತಕ ನೋಡುತ್ತಿದ್ದ ಹಿರಿಯರೊಬ್ಬರು, ಪಂಚೆ ಉಟ್ಟವರು, ಹೆಚ್ಚು ಮಾತಿಲ್ಲದೆ ಕೈ ಚಾಚಿದರು. ಕೊಟ್ಟೆ. ಅವರು ಓದಲಿಲ್ಲ. ಒಂದು ಹಾಳೆಯ ಹಿಂಬದಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿದರು, ಕುರುಡರು ಸವರುವ ಹಾಗೆ. ಆಮೇಲೆ ಪುಸ್ತಕವನ್ನು ಪೂರ್ತಿ ಅಗಲಿಸಿ ಹೊಲಿಗೆಯ ಸಂದಿಯನ್ನು ತೋರಿಸಿದರು. ಮೊದಲಲ್ಲಿ ಒಂದು ಹಾಳೆಯನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದ ಗುರುತು, ಬೆರಳಗಲವೂ ಇಲ್ಲ. "ಮೊಳೆ ಒತ್ತಿದ್ರೆ ಹಿಂದುಗಡೆ ಉಬ್ಬಿರ್ಬೇಕು ಕಣಪ್ಪಾ. ಇದು ಆಫ್‌ಸೆಟ್. ಫೋಟೋ ತೆಗೆದು ಮರುಮುದ್ರಣ ಮಾಡಿರೋದು" ಅಂದರು. ಮರುಮುದ್ರಣದ ವಿವರ ಇದ್ದ ಹಾಳೆಯನ್ನು ಯಾರೋ ತೆಗೆದಿದ್ದರು. ಮರುಮುದ್ರಿಸಿದ ಪ್ರಕಾಶಕರದ್ದು ತಪ್ಪೇನಿಲ್ಲ, ಅವರು ಪ್ರಾಮಾಣಿಕವಾಗಿ ವಿವರ ಹಾಕಿಯೇ ಇರುತ್ತಾರೆ. ನಡುವೆ ಯಾರೋ ಒಂದು ಬ್ಲೇಡು ಖರ್ಚು ಮಾಡಿ ಪುಸ್ತಕಕ್ಕೆ ನೂರು ವರ್ಷ ವಯಸ್ಸು ಹೆಚ್ಚಿಸಿದ್ದ, ಅಷ್ಟೆ.

ನಾಚಿಕೆಯಾಯ್ತು. ಇಷ್ಟು ವರ್ಷ ಹಳೇ ಪುಸ್ತಕ ಹುಡುಕಿದವನು ನಾನು, ಕಾಗದ ಮುಟ್ಟಿ ನೋಡುವುದನ್ನೇ ಕಲಿತಿರಲಿಲ್ಲ. ಇಸವಿ ಓದಿದೆ, ನಂಬಿದೆ. ಮನೆಗೆ ಬರುವ ದಾರಿಯಲ್ಲಿ ತಲೆಯಲ್ಲಿ ಓಡುತ್ತಿದ್ದದ್ದು ಥಾಮಸ್ ಜೇಮ್ಸ್ ವೈಸ್ ಎಂಬ ಇಂಗ್ಲಿಷಿನವನ ಕಥೆ. ಇಸವಿಯನ್ನು ನಂಬಿ ಬ್ರಿಟಿಷ್ ಮ್ಯೂಸಿಯಂ, ಅಮೆರಿಕದ ಶ್ರೀಮಂತರು, ದೊಡ್ಡ ದೊಡ್ಡ ವಿದ್ವಾಂಸರೆಲ್ಲ ನಲವತ್ತು ವರ್ಷ ಮೋಸ ಹೋದ ಕಥೆ. ಹಳೇ ಪುಸ್ತಕದ ಹುಚ್ಚಿದ್ದವರು ಒಮ್ಮೆ ಕೇಳಿಸಿಕೊಳ್ಳಲೇಬೇಕು.

ಈ ವೈಸ್ ಹುಟ್ಟಿದ್ದು 1859ರಲ್ಲಿ. ಸಿರಿವಂತನಲ್ಲ, ಯೂನಿವರ್ಸಿಟಿ ಮೆಟ್ಟಿಲು ಹತ್ತಿದವನೂ ಅಲ್ಲ. ಹದಿಹರೆಯದಲ್ಲೇ ಲಂಡನ್ನಿನ ಸುಗಂಧ ತೈಲದ ವ್ಯಾಪಾರದ ಕಂಪನಿಯೊಂದರಲ್ಲಿ ಗುಮಾಸ್ತನಾಗಿ ಸೇರಿದ. ಸಂಬಳದಲ್ಲಿ ಉಳಿಸಿದ ಪುಡಿಗಾಸು ಹಿಡಿದುಕೊಂಡು ಫ್ಯಾರಿಂಗ್ಡನ್ ರಸ್ತೆಗೆ ಹೋಗುತ್ತಿದ್ದ. ಅಲ್ಲಿ ರಸ್ತೆ ಬದಿ ತಳ್ಳುಗಾಡಿಗಳ ಮೇಲೆ ಹಳೇ ಪುಸ್ತಕ ರಾಶಿ ಹಾಕಿ ಮಾರುತ್ತಿದ್ದರು. (ಆ ಗಾಡಿಗಳು 1990ರ ದಶಕದವರೆಗೂ ಇದ್ದವು. ನಮ್ಮ ಅವೆನ್ಯೂ ರಸ್ತೆಯ ದೂರದ ಅಣ್ಣ ಅನ್ನಬಹುದು.) ಅಲ್ಲಿ ಹುಡುಗ ವೈಸ್ ಕೆಲವೇ ಪೆನ್ನಿಗಳಿಗೆ ಕವಿಗಳ ಮೊದಲ ಮುದ್ರಣಗಳನ್ನು ಆಯ್ದು ತರುತ್ತಿದ್ದ. ಇಲ್ಲಿಯವರೆಗೆ ಅವನು ನಾನೇ, ನೀವೇ. ಅವನನ್ನು ಇಷ್ಟಪಡದೇ ಇರಲು ಸಾಧ್ಯವೇ ಇಲ್ಲ.

ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೊಸದೊಂದು ಹುಚ್ಚು ಶುರುವಾಗುತ್ತಿತ್ತು. ಅದಕ್ಕೂ ಮುಂಚೆ ಪುಸ್ತಕ ಸಂಗ್ರಾಹಕರು ಅಂದರೆ ಷೇಕ್ಸ್‌ಪಿಯರ್ ಕಾಲದ್ದು, ಇನ್ನೂ ಹಳೆಯ ಲ್ಯಾಟಿನ್ ಗ್ರಂಥಗಳು, ಅಂಥವನ್ನು ಕೂಡಿಡುವ ಪ್ರಭುಗಳು. 1880ರ ಸುಮಾರಿಗೆ ಮಧ್ಯಮ ವರ್ಗದವರೂ ಈ ಕಣಕ್ಕೆ ಇಳಿದರು. ಅವರು ಬೆನ್ನು ಹತ್ತಿದ್ದು ತಮ್ಮದೇ ಶತಮಾನದ ಕವಿಗಳನ್ನು: ಶೆಲ್ಲಿ, ಬ್ರೌನಿಂಗ್, ಟೆನಿಸನ್, ಸ್ವಿನ್‌ಬರ್ನ್. ಮೊದಲ ಮುದ್ರಣ ಇದ್ದರೆ ಸಾಲದು, ಅದಕ್ಕಿಂತ ಮುಂಚೆ ಕವಿ ಗೆಳೆಯರಿಗೆ ಹಂಚಲು ಖಾಸಗಿಯಾಗಿ ಅಚ್ಚು ಹಾಕಿಸಿದ ನಾಲ್ಕು ಹಾಳೆಯ ಕಿರುಹೊತ್ತಗೆ ಬೇಕು! ಅಂಥದ್ದಕ್ಕೆ ಬೆಲೆ ಎಷ್ಟಾದರೂ ಸರಿ.

ಇದೇ ಕಾಲಕ್ಕೆ ವೈಸ್ ಶೆಲ್ಲಿ ಸೊಸೈಟಿ ಅನ್ನೋ ಸಂಘ ಸೇರಿ, ಶೆಲ್ಲಿಯ ಅಪರೂಪದ ಪುಸ್ತಕಗಳನ್ನು ಇದ್ದದ್ದು ಇದ್ದ ಹಾಗೆ ಮರುಮುದ್ರಣ ಮಾಡಿಸುವ ಉಸ್ತುವಾರಿ ನೋಡಿಕೊಂಡ. ಮುದ್ರಿಸಿದವರು ರಿಚರ್ಡ್ ಕ್ಲೇ ಅಂಡ್ ಸನ್ಸ್ ಎಂಬ ಹೆಸರಾಂತ ಮುದ್ರಣಾಲಯದವರು. ಹಳೆಯ ಇಸವಿ ಇರುವ ಶೀರ್ಷಿಕೆ ಪುಟವನ್ನು ಹೊಸದಾಗಿ ಅಚ್ಚು ಹಾಕಿಸುವುದು ಎಷ್ಟು ಸುಲಭ, ಎಷ್ಟು ಅಗ್ಗ ಅಂತ ಅವನಿಗೆ ಗೊತ್ತಾಗಿದ್ದು ಅಲ್ಲೇ. ಅದು ನ್ಯಾಯವಾದ ಕೆಲಸವೇ ಆಗಿತ್ತು. ಅಲ್ಲಿಂದ ಮುಂದಿನ ಹೆಜ್ಜೆ ಮಾತ್ರ ಅಲ್ಲ.

ಅವನ ಬುದ್ಧಿ ಎಲ್ಲಿ ಓಡಿತು ನೋಡಿ. ಸಾಮಾನ್ಯ ಖೋಟಾದವನು ಇರುವ ಅಪರೂಪದ ಪುಸ್ತಕವನ್ನು ನಕಲು ಮಾಡುತ್ತಾನೆ. ಒಂದಲ್ಲ ಒಂದು ದಿನ ಯಾರೋ ಅಸಲಿಯನ್ನೂ ನಕಲಿಯನ್ನೂ ಅಕ್ಕಪಕ್ಕ ಇಡುತ್ತಾರೆ, ಸಿಕ್ಕಿಬೀಳುತ್ತಾನೆ. ವೈಸ್ ಹಾಗೆ ಮಾಡಲಿಲ್ಲ. ಎಂದೂ ಇಲ್ಲದೇ ಇದ್ದ ಮುದ್ರಣಗಳನ್ನೇ ಹುಟ್ಟುಹಾಕಿದ. ಕವಿತೆ ಅಸಲಿ, ಕವಿ ಅಸಲಿ. ಆದರೆ 1850ರ ಸಂಕಲನದಲ್ಲಿ ಮೊದಲು ಬಂದ ಕವಿತೆಯನ್ನು ತೆಗೆದುಕೊಂಡು, ಚಿಕ್ಕ ಹೊತ್ತಗೆಯಾಗಿ ಅಚ್ಚು ಹಾಕಿಸಿ, ಮೇಲೆ 1847 ಅಂತ ಹಾಕಿದರೆ? ಪಕ್ಕದಲ್ಲಿಟ್ಟು ಹೋಲಿಸಲು ಅಸಲಿಯೇ ಇಲ್ಲ. ಹೀಗೆ ಟೆನಿಸನ್, ಬ್ರೌನಿಂಗ್ ದಂಪತಿ, ರಸ್ಕಿನ್, ಸ್ವಿನ್‌ಬರ್ನ್, ಜಾರ್ಜ್ ಎಲಿಯಟ್ ಎಲ್ಲರ ಹೆಸರಲ್ಲೂ ಐವತ್ತರಷ್ಟು ಕಿರುಹೊತ್ತಗೆಗಳು ಹುಟ್ಟಿಕೊಂಡವು. ಅವನ ಜೊತೆಗಾರ ಹ್ಯಾರಿ ಬಕ್ಸ್‌ಟನ್ ಫೋರ್ಮನ್, ಅಂಚೆ ಇಲಾಖೆಯ ದೊಡ್ಡ ಅಧಿಕಾರಿ, ಶೆಲ್ಲಿ ಮತ್ತು ಕೀಟ್ಸ್ ಕೃತಿಗಳ ಸಂಪಾದಕ. ಎಂಥಾ ಜೋಡಿ!

ಮಾರುವುದರಲ್ಲೂ ಅವಸರವಿಲ್ಲ. ಒಂದೊಂದು ಪ್ರತಿಯನ್ನು ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯಕ್ಕೆ ಸೇರಿಸಿ ಕೆಟಲಾಗಿನಲ್ಲಿ ಬರುವ ಹಾಗೆ ಮಾಡಿದ. ತಾನೇ ಬರೆದ ಗ್ರಂಥಸೂಚಿಗಳಲ್ಲಿ ಅವನ್ನು ಪಟ್ಟಿ ಮಾಡಿದ. ಅಷ್ಟು ಹೊತ್ತಿಗೆ ಅವನ ಗ್ರಂಥಸೂಚಿ ಅಂದರೆ ವೇದವಾಕ್ಯ. ಸಂಶಯ ಬಂದವರು ಅವನ ಪುಸ್ತಕವನ್ನೇ ತೆಗೆದು ನೋಡುತ್ತಿದ್ದರು, ಅದರಲ್ಲಿ ಇದೆ, ಸರಿ ಹಾಗಾದರೆ ಅಸಲಿಯೇ! ಕಳ್ಳನನ್ನೇ ಹೋಗಿ ಸಾಕ್ಷಿ ಕೇಳಿದ ಹಾಗೆ.

ಈ ಖೋಟಾಗಳಲ್ಲೆಲ್ಲ ರಾಣಿ ಅಂದರೆ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗಳ ಸಾನೆಟ್ಟುಗಳ ಹೊತ್ತಗೆ. ಮದುವೆಗೆ ಮುಂಚೆ ರಾಬರ್ಟ್ ಬ್ರೌನಿಂಗನನ್ನು ಪ್ರೀತಿಸುತ್ತಿದ್ದಾಗ ಗುಟ್ಟಾಗಿ ಬರೆದುಕೊಂಡಿದ್ದ ಪದ್ಯಗಳು ಅವು. ನಿಜವಾಗಿ ಪ್ರಕಟವಾಗಿದ್ದು 1850ರಲ್ಲಿ. ವೈಸನ ಹೊತ್ತಗೆಯ ಮೇಲೆ ಊರು ರೆಡಿಂಗ್, ಇಸವಿ 1847, ಪ್ರಕಟಣೆಗಲ್ಲ ಅಂತ ಒಂದು ಸಾಲು. ಇದಕ್ಕೆ ಸರಿಯಾಗಿ 1894ರಲ್ಲಿ ಎಡ್ಮಂಡ್ ಗಾಸ್ ಎಂಬ ವಿಮರ್ಶಕ ಒಂದು ಸೊಗಸಾದ ಕಥೆ ಬರೆದ. 1847ರಲ್ಲಿ ಇಟಲಿಯ ಪೀಸಾದಲ್ಲಿ, ಒಂದು ಬೆಳಿಗ್ಗೆ, ಎಲಿಜಬೆತ್ ಹಿಂದಿನಿಂದ ಬಂದು ಗಂಡನ ಕೋಟಿನ ಜೇಬಿಗೆ ಕಾಗದದ ಕಟ್ಟು ತುರುಕಿ ಓಡಿಹೋದಳಂತೆ. ಆಮೇಲೆ ಗೆಳತಿ ಮಿಸ್ ಮಿಟ್‌ಫರ್ಡ್ ಅವನ್ನು ರೆಡಿಂಗಿನಲ್ಲಿ ಅಚ್ಚು ಹಾಕಿಸಿಕೊಟ್ಟಳಂತೆ. ಯಾರಿಗೆ ಬೇಡ ಇಂಥ ಕಥೆ? ಗಂಡನಿಗೆ ಅವಳು ಪದ್ಯ ತೋರಿಸಿದ್ದು 1849ರಲ್ಲಿ, ಪೀಸಾದಲ್ಲಲ್ಲ, ಬಾನ್ಯಿ ದಿ ಲುಕ್ಕಾದಲ್ಲಿ ಅಂತ ರಾಬರ್ಟನೇ ಬರೆದ ಪತ್ರ ಹೊರಗೆ ಬಂದಿದ್ದು ಬಹಳ ತಡವಾಗಿ. ಗಂಡನೇ ನೋಡಿರದ ಪದ್ಯ ಎರಡು ವರ್ಷ ಮೊದಲೇ ಅಚ್ಚಾಗಿ ಗೆಳೆಯರಿಗೆ ಹಂಚಿ ಹೋಗಿತ್ತು ಅಂದ ಹಾಗಾಯ್ತು!

ತನಗೆ ಪ್ರತಿ ಸಿಕ್ಕಿದ್ದು ಹೇಗೆ ಅಂತ ವೈಸ್ ಕೂಡ ಒಂದು ಕಥೆ ಹೇಳಿದ. ಬೆನೆಟ್ ಎಂಬ ಮುದಿ ಕವಿಯ ಮನೆಗೆ ಹೋಗಿದ್ದನಂತೆ, ಚಹಾ, ಬಿಸಿ ಬೆಣ್ಣೆ ಟೋಸ್ಟು, ಸಾಸೇಜು ತಿಂದನಂತೆ, ಆಮೇಲೆ ಹತ್ತು ಪೌಂಡ್ ಕೊಟ್ಟು ಪ್ರತಿ ಕೊಂಡನಂತೆ. ಈ ಕಥೆ ಅಚ್ಚಾಗುವ ಹೊತ್ತಿಗೆ ಬೆನೆಟ್ ಸತ್ತು ಎಷ್ಟೋ ವರ್ಷ ಆಗಿತ್ತು. ನನಗೆ ಈ ಸಾಸೇಜಿನ ವಿವರ ಬಹಳ ಇಷ್ಟ. ಸುಳ್ಳು ಹೇಳುವವನು ಯಾವಾಗಲೂ ಒಂದು ತಿಂಡಿ ಜಾಸ್ತಿ ಬಡಿಸುತ್ತಾನೆ. 1920ರ ದಶಕ ಮುಗಿಯುವ ಹೊತ್ತಿಗೆ ಆ ಹೊತ್ತಗೆಯ ಒಂದು ಪ್ರತಿಗೆ ಸಾವಿರ ಡಾಲರ್ ದಾಟಿತ್ತು.

ಅಷ್ಟರಲ್ಲಿ ಗುಮಾಸ್ತ ವೈಸ್ ಎಲ್ಲಿಗೋ ಏರಿದ್ದ. ಆಕ್ಸ್‌ಫರ್ಡಿನ ಗೌರವ ಎಂ.ಎ., ಬಿಬ್ಲಿಯೋಗ್ರಾಫಿಕಲ್ ಸೊಸೈಟಿಯ ಅಧ್ಯಕ್ಷ ಪದವಿ, ಮನೆಯಲ್ಲಿ ಆ್ಯಶ್ಲಿ ಲೈಬ್ರರಿ ಅನ್ನೋ ಹೆಸರಿನ ಅದ್ಭುತ ಸಂಗ್ರಹ. ಷಿಕಾಗೋದ ಜಾನ್ ಹೆನ್ರಿ ರೆನ್ ಎಂಬ ಶ್ರೀಮಂತನಿಗೆ ಪುಸ್ತಕ ಒದಗಿಸುವ ನಂಬಿಕಸ್ಥ ಗೆಳೆಯ. ರೆನ್ ಸತ್ತ ಮೇಲೆ ಅವನ ಸಂಗ್ರಹವನ್ನು 1918ರಲ್ಲಿ 2,25,000 ಡಾಲರಿಗೆ ಟೆಕ್ಸಾಸ್ ಯೂನಿವರ್ಸಿಟಿಗಾಗಿ ಕೊಳ್ಳಲಾಯಿತು. ಅದರೊಳಗೆ ವೈಸನ ಹೊತ್ತಗೆಗಳೂ ಭದ್ರವಾಗಿ ಕೂತಿದ್ದವು.

ಅನುಮಾನ ಯಾರಿಗೂ ಬಂದಿರಲಿಲ್ಲ ಅಂತಲ್ಲ. ರಸ್ಕಿನ್ನನ ಸಮಗ್ರ ಕೃತಿಗಳನ್ನು ಸಂಪಾದಿಸುತ್ತಿದ್ದ ಕುಕ್ ಮತ್ತು ವೆಡ್ಡರ್‌ಬರ್ನ್, 1864ರದ್ದು ಅನ್ನಲಾದ ಒಂದು ಹೊತ್ತಗೆಯ ಒಳಗಿರುವುದು ರಸ್ಕಿನ್ ಆಮೇಲೆ ತಿದ್ದಿದ ಪಾಠ, ಹಾಗಾಗಿ ಇದು ಖೋಟಾ ಅಂತ 20ನೇ ಶತಮಾನದ ಆರಂಭದಲ್ಲೇ ಬರೆದರು. ಸಂಗ್ರಾಹಕರು ಆ ಕಡೆ ತಿರುಗಿಯೂ ನೋಡಲಿಲ್ಲ. ದುಡ್ಡು ಕೊಟ್ಟು ಕೊಂಡವನಿಗೆ ಇಂಥ ಅಡಿಟಿಪ್ಪಣಿ ಕಣ್ಣಿಗೆ ಬೀಳುತ್ತದೆಯೇ? ನನಗಂತೂ ಕತ್ತರಿಸಿದ ಹಾಳೆಯ ಗುರುತು ಕಾಣಲಿಲ್ಲ.

ಕೊನೆಗೆ ಹಿಡಿದವರು ಪ್ರೊಫೆಸರುಗಳಲ್ಲ, ಇಬ್ಬರು ಯುವ ಪುಸ್ತಕ ವ್ಯಾಪಾರಿಗಳು. ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡ್, ಇಬ್ಬರಿಗೂ ಮೂವತ್ತರ ಆಸುಪಾಸು. ದಿನಾ ಹಳೇ ಪುಸ್ತಕ ಮುಟ್ಟಿ, ಮೂಸಿ, ಮಾರಿ ಬದುಕುವವರು. ಅವರಿಗೆ ಮೊದಲು ಕಾಡಿದ್ದು ಒಂದು ವಿಚಿತ್ರ: ಈ ಹೊತ್ತಗೆಗಳೆಲ್ಲ ಯಾಕಿಷ್ಟು ಚೊಕ್ಕಟವಾಗಿವೆ? 1847ರಲ್ಲಿ ಗೆಳೆಯರಿಗೆ ಹಂಚಲು ಅಚ್ಚು ಹಾಕಿಸಿದ ಪುಸ್ತಕ ಅಂದರೆ ಒಂದು ಪ್ರತಿಯಲ್ಲಾದರೂ ಲೇಖಕಿಯ ಸಹಿ ಬೇಡವೇ? ಪಡೆದವರ ಹೆಸರು, ಇಸವಿ? ಆ ಕಾಲದ ಬೈಂಡು? ಯಾರದಾದರೂ ಪತ್ರದಲ್ಲಿ 'ನಿಮ್ಮ ಪದ್ಯ ತಲುಪಿತು' ಅಂತ ಒಂದು ಸಾಲು? ಏನೂ ಇಲ್ಲ. 1913ರಲ್ಲಿ ಬ್ರೌನಿಂಗ್ ಮನೆತನದ ಪುಸ್ತಕಗಳೆಲ್ಲ ಹರಾಜಾದಾಗ ಅದರಲ್ಲೂ ಒಂದೇ ಒಂದು ಪ್ರತಿ ಇರಲಿಲ್ಲ. ಯಾರೂ ಓದಿರದ, ಯಾರೂ ಇಟ್ಟುಕೊಂಡಿರದ ಪುಸ್ತಕಗಳು ಒಮ್ಮೆಲೇ ಶತಮಾನದ ಕೊನೆಗೆ ಮಾರುಕಟ್ಟೆಗೆ ಬಂದಿದ್ದವು.

ಅವರು ಕಾಗದವನ್ನು ಪರೀಕ್ಷೆಗೆ ಕೊಟ್ಟರು. ಹಿಂದೆ ಇಂಗ್ಲೆಂಡಿನಲ್ಲಿ ಕಾಗದ ಮಾಡುತ್ತಿದ್ದದ್ದು ಚಿಂದಿ ಬಟ್ಟೆಯಿಂದ. ಬಟ್ಟೆ ಸಾಲದೆ ಬಂದಾಗ ಸ್ಪೇನ್ ಮತ್ತು ಉತ್ತರ ಆಫ್ರಿಕದ ಎಸ್ಪಾರ್ಟೋ ಎಂಬ ಹುಲ್ಲು ಬಂತು, 1861ರ ಸುಮಾರಿಗೆ. ರಾಸಾಯನಿಕದಲ್ಲಿ ಬೇಯಿಸಿದ ಮರದ ತಿರುಳು ಬಂದಿದ್ದು ಇನ್ನೂ ಆಮೇಲೆ, 1874ಕ್ಕಿಂತ ಹಿಂದೆ ಸಾಧ್ಯವೇ ಇಲ್ಲ. 1847ರ ಸಾನೆಟ್ಟುಗಳ ಕಾಗದವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಂಡಿದ್ದು ಮರದ ತಿರುಳು! ಎಲಿಜಬೆತ್ ತೀರಿಕೊಂಡಿದ್ದು 1861ರಲ್ಲಿ. ಅವಳು ಸತ್ತು ಹದಿಮೂರು ವರ್ಷಕ್ಕೂ ಆಮೇಲೆ ತಯಾರಾದ ಕಾಗದದ ಮೇಲೆ ಅವಳ ಯೌವನದ ಪದ್ಯ.

ಇನ್ನು ಅಚ್ಚುಮೊಳೆ. ಇಂಗ್ಲಿಷಿನ 'ಎಫ್' ಅಕ್ಷರದ ತಲೆ, 'ಜೆ' ಅಕ್ಷರದ ಬಾಲ ಹಳೆಯ ಮೊಳೆಗಳಲ್ಲಿ ಸೀಸದ ಅಚ್ಚಿನಿಂದ ಆಚೆ ಚಾಚಿಕೊಂಡಿರುತ್ತಿತ್ತು. ಬೇಗ ಮುರಿಯುತ್ತಿತ್ತು. ಹಾಗೆ ಚಾಚದೇ ಇರುವ ಹೊಸ ಮೊಳೆ ಬಂದಿದ್ದು 1880ರ ನಂತರ. ಎಷ್ಟೋ ಖೋಟಾ ಹೊತ್ತಗೆಗಳಲ್ಲಿ ಈ ಹೊಸ ಮೊಳೆ ಇತ್ತು, ಜೊತೆಗೆ ಬೇರೆ ಯಾವುದೋ ಮೊಳೆಗೆ ಸೇರಿದ ಪ್ರಶ್ನಾರ್ಥಕ ಚಿಹ್ನೆ ಬೆರೆತಿತ್ತು. ಇಂಥ ಕಲಬೆರಕೆ ಯಾವ ಮುದ್ರಣಾಲಯದ್ದು? ಉತ್ತರ ಸಿಕ್ಕಿದ್ದು ಮ್ಯಾಥ್ಯೂ ಆರ್ನಾಲ್ಡನ ಒಂದು ಪದ್ಯದ 1893ರ ಮರುಮುದ್ರಣದಲ್ಲಿ. ಅದು ಯಾವ ಮೋಸವೂ ಇಲ್ಲದ, ರಾಜಾರೋಷವಾದ ಪುಸ್ತಕ. ಅದೇ ಮೊಳೆ, ಅದೇ ಚಿಹ್ನೆ, ಮುದ್ರಕರ ಹೆಸರು ಸ್ಪಷ್ಟವಾಗಿ: ರಿಚರ್ಡ್ ಕ್ಲೇ. ಮರುಮುದ್ರಣ ಮಾಡಿಸಿದವರು? ಥಾಮಸ್ ವೈಸ್. ಕ್ಲೇ ಅವರ ಹಳೆಯ ಲೆಕ್ಕಪುಸ್ತಕಗಳು ನಾಶವಾಗಿದ್ದವು, ಆದರೆ ಮೊಳೆ ಹೇಳಬೇಕಾದ್ದನ್ನು ಹೇಳಿಯಾಗಿತ್ತು.

ಹರ್ಬರ್ಟ್ ಗಾರ್ಫಿನ್ ಎಂಬ ಸಣ್ಣ ಪುಸ್ತಕ ವ್ಯಾಪಾರಿ ಉಳಿದದ್ದನ್ನು ಬಿಡಿಸಿದ. ಅವನು ಹಿಂದೆ ವೈಸನ ಆಫೀಸಿನಲ್ಲೇ ಹುಡುಗನಾಗಿದ್ದವನು. ಈ ಹೊತ್ತಗೆಗಳ ಕಟ್ಟುಗಳನ್ನು ಅಗ್ಗದಲ್ಲಿ ವೈಸನಿಂದ ಕೊಂಡು ಅಸಲಿ ಅಂತಲೇ ನಂಬಿ ವರ್ಷಗಟ್ಟಲೆ ಮಾರುತ್ತಾ ಬಂದಿದ್ದ. ವಿಷಯ ತಿಳಿದಾಗ ಪಾಪ ಅವನಿಗೆ ಹೇಗಾಗಿರಬೇಕು? ಇವು ಫೋರ್ಮನ್‌ನಿಂದ ಬಂದವು ಅಂತ ಹೇಳಿಬಿಡು ಅಂತ ವೈಸ್ ಒತ್ತಾಯಿಸಿದ. ಫೋರ್ಮನ್ 1917ರಲ್ಲೇ ಸತ್ತಿದ್ದ. ಗಾರ್ಫಿನ್ ಒಪ್ಪಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಕೈ ಮುಗಿಯಬೇಕು ಅನ್ನಿಸುವುದು ಅವನೊಬ್ಬನಿಗೆ.

ಕಾರ್ಟರ್ ಮತ್ತು ಪೊಲಾರ್ಡರ ಪುಸ್ತಕ 1934ರ ಜುಲೈನಲ್ಲಿ ಹೊರಬಂತು. ಹೆಸರೂ ಸಪ್ಪೆ, ಹತ್ತೊಂಬತ್ತನೇ ಶತಮಾನದ ಕೆಲವು ಕಿರುಹೊತ್ತಗೆಗಳ ಬಗ್ಗೆ ಒಂದು ವಿಚಾರಣೆ ಅನ್ನೋ ಅರ್ಥದ್ದು. ಮಾನನಷ್ಟದ ಭಯಕ್ಕೆ ವೈಸನೇ ಖೋಟಾ ಮಾಡಿದವನು ಅಂತ ಎಲ್ಲೂ ಬಾಯಿಬಿಟ್ಟು ಹೇಳಲಿಲ್ಲ. ಕಾಗದ, ಮೊಳೆ, ಹರಾಜಿನ ದಾಖಲೆ ಒಂದೊಂದೇ ಮುಂದಿಟ್ಟು ಸುಮ್ಮನಾದರು. ಓದಿದವರಿಗೆಲ್ಲ ಅರ್ಥವಾಯ್ತು. ವೈಸ್ ಪತ್ರಿಕೆಗೆ ಒಂದೆರಡು ಕಾಗದ ಬರೆದ, ಆಮೇಲೆ ಆರೋಗ್ಯ ಸರಿಯಿಲ್ಲ ಅಂತ ಮೌನವಾದ. 1937ರಲ್ಲಿ ತೀರಿಕೊಂಡ. ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ.

ಮುಗಿಯಿತೆಂದುಕೊಂಡಿರಾ? ಅವನ ಆ್ಯಶ್ಲಿ ಲೈಬ್ರರಿಯನ್ನು ಬ್ರಿಟಿಷ್ ಮ್ಯೂಸಿಯಂ 66,000 ಪೌಂಡಿಗೆ ಕೊಂಡಿತು. 1950ರ ದಶಕದಲ್ಲಿ ಅಲ್ಲಿಯ ಡೇವಿಡ್ ಫಾಕ್ಸನ್ ಎಂಬ ಗ್ರಂಥಪಾಲಕ ವೈಸನ ಹಳೆಯ ನಾಟಕಗಳ ಪ್ರತಿಗಳನ್ನು ಮ್ಯೂಸಿಯಮ್ಮಿನ ಸ್ವಂತ ಪ್ರತಿಗಳ ಜೊತೆ ಹೋಲಿಸಿ ನೋಡಿದ. ಮ್ಯೂಸಿಯಮ್ಮಿನ ಪ್ರತಿಗಳಲ್ಲಿ ಹಾಳೆಗಳು ಕಾಣೆ. ಅವೇ ಹಾಳೆಗಳು ವೈಸನ ಪ್ರತಿಗಳಲ್ಲಿ ಹಾಜರ್! ತನ್ನ ಹರಕು ಪ್ರತಿಗಳನ್ನು ಪೂರ್ತಿ ಮಾಡಿಕೊಳ್ಳಲು, ರೆನ್‌ಗೆ ಮಾರಲು, ಓದುಗರ ಕೋಣೆಯಲ್ಲಿ ಕೂತು ಇನ್ನೂರಕ್ಕೂ ಹೆಚ್ಚು ಹಾಳೆಗಳನ್ನು ಎಗರಿಸಿದ್ದ. ಖೋಟಾ ಹೊತ್ತಗೆಗಳಿಂದ ಯಾವ ಪುಸ್ತಕಕ್ಕೂ ಗಾಯವಾಗಲಿಲ್ಲ ಅಂತ ವಾದಿಸಬಹುದೇನೋ. ಇದಕ್ಕೆ ಕ್ಷಮೆಯಿಲ್ಲ. ಮುನ್ನೂರು ವರ್ಷ ಉಳಿದು ಬಂದ ಪುಸ್ತಕಕ್ಕೆ ಪುಸ್ತಕಪ್ರೇಮಿಯೇ ಕತ್ತರಿ ಹಾಕುವುದು ಅಂದರೆ...

ತಮಾಷೆ ಅಂದರೆ ಈಗ ವೈಸನ ಖೋಟಾಗಳನ್ನೇ ಸಂಗ್ರಹಿಸುವವರಿದ್ದಾರೆ. ಎಷ್ಟೋ ಹೊತ್ತಗೆಗೆ ಖೋಟಾ ಅಂತಲೇ ಒಳ್ಳೆ ಬೆಲೆ ಇದೆ. ಇನ್ನು ಖೋಟಾದ ಖೋಟಾ ಯಾರಾದರೂ ಮಾಡಿದರೆ ಅದನ್ನು ಹಿಡಿಯಲು ಮತ್ತೆ ಇಬ್ಬರು ಹುಡುಗರು ಬೇಕಾಗುತ್ತಾರೆ.

ಈ ಕಥೆಯನ್ನು ನಾನು ಕಿಟ್ಟೆಲ್ ಸಿಗುವುದಕ್ಕೆ ಬಹಳ ಮುಂಚೆಯೇ ಓದಿದ್ದೆ. ಓದಿ ಏನು ಬಂತು, ಕೈಗೆ ಇಳಿದಿರಲಿಲ್ಲ. ಹಳೇ ಪುಸ್ತಕ ಆರಿಸುವಾಗ ನಾನು ಯಾವಾಗಲೂ ಚೊಕ್ಕಟ ಪ್ರತಿ ಹುಡುಕುತ್ತಿದ್ದೆ. ಹೆಸರು ಬರೆದದ್ದು, ಅಡಿಗೆರೆ ಎಳೆದದ್ದು, ವಾಚನಾಲಯದ ಮೊಹರು ಬಿದ್ದದ್ದು ಬೇಡ ಅಂತ ಪಕ್ಕಕ್ಕಿಡುತ್ತಿದ್ದೆ. ಕಾರ್ಟರ್ ಮತ್ತು ಪೊಲಾರ್ಡ್ ಹುಡುಕಿ ಸಿಗದೇ ಹೋದದ್ದು ಅದೇ ತಾನೆ, ಹಿಂದಿನವರ ಕೈಗುರುತು! ಈಗ ಮೊದಲು ಹಾಳೆಯ ಬೆನ್ನು ಸವರುತ್ತೇನೆ, ಹೊಲಿಗೆ ಅಗಲಿಸಿ ನೋಡುತ್ತೇನೆ, ಬೆಳಕಿಗೆ ಹಿಡಿಯುತ್ತೇನೆ. ಇಸವಿ ಓದುವುದು ಕೊನೆಗೆ. ಅಂಗಡಿಯವರಿಗೆ ನಾನು ಪುಸ್ತಕ ಕೊಳ್ಳಲು ಬಂದವನೋ ಬಟ್ಟೆ ಕೊಳ್ಳಲು ಬಂದವನೋ ಅನ್ನೋ ಅನುಮಾನ ಬಂದಿರಬಹುದು.

ಆ ಕಿಟ್ಟೆಲ್ ಮುಂದಿನ ಭಾನುವಾರ ಅಲ್ಲಿರಲಿಲ್ಲ. ಯಾರೋ ಕೊಂಡಿದ್ದಾರೆ. ಆ ಹಿರಿಯರೂ ಮತ್ತೆ ಸಿಕ್ಕಿಲ್ಲ. ಅದೇ ಜಾಗದಲ್ಲಿ ರಟ್ಟು ಕಿತ್ತುಹೋದ, ಗೆದ್ದಲು ಒಂದು ಮೂಲೆ ತಿಂದ ಕಥಾಸಂಕಲನವೊಂದನ್ನು ಎಂಬತ್ತು ರೂಪಾಯಿಗೆ ತಂದೆ. ಮೊದಲ ಹಾಳೆಯಲ್ಲಿ ನೀಲಿ ಶಾಯಿ ಕಂದಾಗಿದೆ. ಮದುವೆಯ ಉಡುಗೊರೆಯಾಗಿ ತಂಗಿಗೆ ಅಣ್ಣ ಕೊಟ್ಟದ್ದು, 1952. ಒಳಗೆ ಎರಡು ಕಡೆ ಪೆನ್ಸಿಲಿನಲ್ಲಿ ಗೆರೆ, ಒಂದು ಪುಟದಲ್ಲಿ ಕಾಫಿ ಬಟ್ಟಲಿನ ಉಂಗುರ, 117ನೇ ಪುಟದ ಹತ್ತಿರ ಒಣಗಿದ ಒಂದು ಎಲೆ. ಹಿಂಬದಿ ಸವರಿ ನೋಡಿದೆ. ಮೊಳೆ ಒತ್ತಿದ ಉಬ್ಬು ಇದೆ.